ಟೂಲ್‌ಬಾರ್ ಮರೆಯಾದರೆ ಮಾಹಿತಿಯೂ ಅಳಿಸಿಹೋಗುತ್ತದೆಯೇ?

ಮಕ್ಕಳೇ, ಲಿಬ್ರೆಆಫೀಸ್ ಬೇಸ್ ಎಂಬುದು ಮಾಹಿತಿಯನ್ನು ಕೋಷ್ಟಕಗಳಲ್ಲಿ ಕೂಡಿಡುವ ಉಚಿತ ತಂತ್ರಾಂಶ. ಶಾಲೆಯ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ನೀವು ಅದರಲ್ಲಿ ತಯಾರಿಸಿದ್ದೀರಿ ಎನ್ನಿ. ಒಂದು ದಿನ ಪರದೆಯ ಮೇಲ್ಭಾಗದ ಚಿಕ್ಕ ಚಿತ್ರಗಳ ಸಾಲು, ಅಂದರೆ ಟೂಲ್‌ಬಾರ್, ಕಾಣಿಸುವುದಿಲ್ಲ. ಪಟ್ಟಿಯೂ ಹೋಯಿತೇ?

ಇಲ್ಲ. ನೀವು ಉಳಿಸಿದ ಪಟ್ಟಿ ‘.ಒಡಿಬಿ’ ಕಡತದಲ್ಲಿರುತ್ತದೆ. ಟೂಲ್‌ಬಾರನ್ನು ಹೇಗೆ ತೋರಿಸಬೇಕೆಂಬ ವಿವರ ಬೇರೊಂದು ಕಡತದಲ್ಲಿರುತ್ತದೆ. ಕಪಾಟಿನ ಹಿಡಿ ಕಳಚಿದರೆ ಒಳಗಿನ ಪುಸ್ತಕಗಳು ಕಳೆದುಹೋಗುತ್ತವೆಯೇ? ಇದೂ ಹಾಗೆಯೇ.

ಸರಿಪಡಿಸುವ ಕ್ರಮ:

1. ‘ವ್ಯೂ’ ಮೆನುವಿನ ‘ಟೂಲ್‌ಬಾರ್ಸ್’ನಲ್ಲಿ ‘ಸ್ಟ್ಯಾಂಡರ್ಡ್’ ಎಂಬುದರ ಮುಂದೆ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಒತ್ತಿ.

2. ಆಗಲೂ ಸರಿಯಾಗದಿದ್ದರೆ, ಕೆಲಸವನ್ನು ಉಳಿಸಿ, ‘ಹೆಲ್ಪ್’ ಮೆನುವಿನಲ್ಲಿ ‘ರೀಸ್ಟಾರ್ಟ್ ಇನ್ ಸೇಫ್ ಮೋಡ್’ ಆರಿಸಿ.

3. ‘ರೀಸೆಟ್ ಟು ಫ್ಯಾಕ್ಟರಿ ಸೆಟ್ಟಿಂಗ್ಸ್’ ಅಡಿಯಲ್ಲಿ ‘ರೀಸೆಟ್ ಸೆಟ್ಟಿಂಗ್ಸ್’ ಎಂದು ಆರಂಭವಾಗುವ ಆಯ್ಕೆಯನ್ನು ಗುರುತಿಸಿ, ‘ಅಪ್ಲೈ ಚೇಂಜಸ್ ಆಂಡ್ ರೀಸ್ಟಾರ್ಟ್’ ಒತ್ತಿ.

ಗಮನಿಸಿ: 3ನೇ ಹಂತದಿಂದ ಲಿಬ್ರೆಆಫೀಸ್‌ನಲ್ಲಿ ಇತರರು ಮಾಡಿಕೊಂಡ ಬದಲಾವಣೆಗಳೂ ಅಳಿಸಿ ಎಲ್ಲವೂ ಮೊದಲಿನಂತಾಗುತ್ತದೆ. ಆದ್ದರಿಂದ ಶಿಕ್ಷಕರನ್ನು ಕೇಳಿಯೇ ಮಾಡಿ.

ಯೋಚಿಸಿ: ಪಟ್ಟಿ ಮತ್ತು ಟೂಲ್‌ಬಾರಿನ ವಿವರ ಎರಡೂ ಒಂದೇ ಕಡತದಲ್ಲಿದ್ದಿದ್ದರೆ ಏನಾಗಬಹುದಿತ್ತು?