ಸೋರಿಯಾಸಿಸ್, ಬೊಜ್ಜು: ಕಾಯಿಲೆ ಎರಡು, ಲೆಕ್ಕ ಒಂದೇ

ಸೋರಿಯಾಸಿಸ್ ಎಂದು ಚರ್ಮದ ಡಾಕ್ಟರ ಬಳಿ ಹೋದರೆ ಅವರು ನಿಮ್ಮನ್ನು ತೂಕದ ಯಂತ್ರದ ಮೇಲೂ ನಿಲ್ಲಿಸಬಹುದು. ಮೈಮೇಲಿನ ಹೊಪ್ಪಳೆಗೂ ಮೈತೂಕಕ್ಕೂ ಏನು ಸಂಬಂಧ ಎನಿಸುವುದು ಸಹಜ. ಸಂಬಂಧ ಇದೆ, ಅದು ಔಷಧಿ ಅಂಗಡಿಯ ಬಿಲ್ಲಿನವರೆಗೂ ಹೋಗುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಸೋರಿಯಾಸಿಸ್. ಚರ್ಮದ ಮೇಲ್ಪದರ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಸೋರಿಯಾಸಿಸ್ ಇದ್ದವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಇದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಉದುರಲು ಪುರುಸೊತ್ತಿಲ್ಲದ ಜೀವಕೋಶಗಳು ಒಂದರ ಮೇಲೊಂದು ಕೂತು ಬೆಳ್ಳಿ ಬಣ್ಣದ ಹೊಪ್ಪಳೆಯಾಗುತ್ತವೆ. ಹುಳುಕಡ್ಡಿಯಂತೆ ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಹತೋಟಿಗೆ ಬರುತ್ತದೆ, ಬೇರುಸಹಿತ ಹೋಗುವುದಿಲ್ಲ. ಹಾಗಾಗಿ ಇದರ ಖರ್ಚು ಮನೆಬಾಡಿಗೆಯ ಹಾಗೆ ಮತ್ತೆ ಮತ್ತೆ ಬರುವಂಥದ್ದು.

ಇನ್ನು ಬೊಜ್ಜು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ, ಅದೇ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆ 30 ದಾಟಿದರೆ ಬೊಜ್ಜು ಎನ್ನುತ್ತದೆ. ಭಾರತೀಯರ ಮೈಕಟ್ಟಿಗೆ 25 ಆದರೇ ಬೊಜ್ಜು ಎಂದು ನಮ್ಮ ವೈದ್ಯರು ಎಣಿಸುತ್ತಾರೆ. ಈ ಕೊಬ್ಬು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅವುಗಳಲ್ಲೊಂದಾದ ಟಿಎನ್‌ಎಫ್, ಸೋರಿಯಾಸಿಸ್ ಕೆರಳಿಸುವುದೂ ಹೌದು. ಅಂದರೆ ಒಂದು ಕಾಯಿಲೆಯ ಒಲೆಗೆ ಇನ್ನೊಂದು ಸೌದೆ ಒಟ್ಟುತ್ತಿದೆ.

ಈಗ ಬಿಲ್ಲಿಗೆ ಬರೋಣ. ಮೆಥೊಟ್ರೆಕ್ಸೇಟ್ ಮಾತ್ರೆ ಅಗ್ಗ. ಆದರೆ ಅದು ಲಿವರಿಗೆ ತೊಂದರೆ ಕೊಡಬಹುದಾದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಬೊಜ್ಜಿನಿಂದ ಲಿವರಿನಲ್ಲಿ ಮೊದಲೇ ಕೊಬ್ಬು ಸೇರಿದ್ದರೆ ಎಚ್ಚರಿಕೆ ಇನ್ನೂ ಹೆಚ್ಚಬೇಕು. ಮಾತ್ರೆಗೆ ಬಗ್ಗದಿದ್ದರೆ ಬಯೋಲಾಜಿಕ್ ಎಂಬ ದುಬಾರಿ ಔಷಧಿಗಳ ಸರದಿ. ಅವುಗಳಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಳ್ಳಿ. ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ, ಒಂದು ಬಾಟಲಿಯಲ್ಲಿ 100 ಮಿಲಿಗ್ರಾಂ. 60 ಕಿಲೋ ಇದ್ದವರಿಗೆ 300 ಮಿಲಿಗ್ರಾಂ, 3 ಬಾಟಲಿ. 90 ಕಿಲೋ ಇದ್ದವರಿಗೆ 450, ಅಂದರೆ 5ನೇ ಬಾಟಲಿಯನ್ನೂ ಒಡೆಯಬೇಕು. ಆರಂಭದ 3 ಡೋಸ್ ಆದಮೇಲೆ ಪ್ರತಿ 8 ವಾರಕ್ಕೊಮ್ಮೆ ಇದೇ ಲೆಕ್ಕ. ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಮಾರುಕಟ್ಟೆಗೆ ತಂದ ಇಟೋಲಿಜುಮ್ಯಾಬ್ ಕೂಡ ತೂಕ ನೋಡಿ ಕೊಡುವ ಔಷಧಿಯೇ.

ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ. ಆಸ್ಪತ್ರೆಗೆ ಹೋದ ದಿನದ ಕೂಲಿ ಇಲ್ಲ, ಬಸ್ಸಿನ ಚಾರ್ಜು ಕೈಯಿಂದ. ಅಡ್ಮಿಟ್ ಆಗದೆ ತಂದ ಮುಲಾಮು, ಮಾತ್ರೆಗೆ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದು ಅಪರೂಪ. ಸೋರಿಯಾಸಿಸ್ ಕೆಲವರ ಕೀಲುಗಳಿಗೂ ಇಳಿಯುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಕಡೆಯಿಂದ ಹತ್ತಿರವಾಗುತ್ತವೆ.

ತೂಕ ಇಳಿಸಿದರೆ ಸೋರಿಯಾಸಿಸ್ ಹೋಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದನ್ನು ನಂಬಿ ಔಷಧಿ ಬಿಡಲೂಬೇಡಿ. ಆದರೆ ತೂಕ ಇಳಿದಾಗ ಅನೇಕರಲ್ಲಿ ಹೊಪ್ಪಳೆ ಕಡಿಮೆಯಾಗುತ್ತದೆ, ಔಷಧಿಯೂ ಚೆನ್ನಾಗಿ ನಾಟುತ್ತದೆ. ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ಮಾಡಿ ನೋಡಿ: 90 ಕಿಲೋ 80ಕ್ಕೆ ಇಳಿದರೆ ಡೋಸ್ 400 ಮಿಲಿಗ್ರಾಂ. ಬಾಟಲಿ ನಾಲ್ಕೇ ಸಾಕು.