ಅರೆತಲೆನೋವಿನ ಅಪರಿಚಿತ ಮುಖಗಳು

ತಲೆನೋವನ್ನು ಒಂದು ರೋಗವೆಂದು ಎಣಿಸುವ ವಾಡಿಕೆ ನಮ್ಮ ಜನರಲ್ಲಿ ಕಡಮೆ. ರಬಕವಿ-ಬನಹಟ್ಟಿಯ ನೇಕಾರರು ಮಗ್ಗದ ಸದ್ದನ್ನು ದೂರುವರು. ಜಮಖಂಡಿ, ಮುಧೋಳ, ಬೀಳಗಿಗಳ ಕಬ್ಬಿನ ಹೊಲಗಳಲ್ಲಿ ದುಡಿಯುವವರು ಬಿಸಿಲನ್ನು ದೂರುವರು. ಹಣೆಗೆ ಬಟ್ಟೆ ಬಿಗಿದು, ಅಂಗಡಿಯ ಒಂದು ಗುಳಿಗೆ ನುಂಗಿ, ಮತ್ತೆ ಕೆಲಸಕ್ಕೆ ತೊಡಗುವರು. ಆದರೆ ಬೆಂಗಳೂರಿನಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ ನಡೆಸಿದ ಒಂದು ಸಮೀಕ್ಷೆಯಲ್ಲಿ, ವರ್ಷವೊಂದರಲ್ಲಿ ನೂರಕ್ಕೆ ಸುಮಾರು 25 ವಯಸ್ಕರು ಮೈಗ್ರೇನಿಗೆ, ಎಂದರೆ ಅರೆತಲೆನೋವಿಗೆ, ತುತ್ತಾಗುವರೆಂದು ಕಂಡುಬಂದಿತು. ಅವರಲ್ಲಿ ಸ್ತ್ರೀಯರೇ ಹೆಚ್ಚು.

ಆಯುರ್ವೇದದ ‘ಅರ್ಧಾವಭೇದಕ’ವೂ, ಮೈಗ್ರೇನ್ ಎಂಬ ಮಾತಿಗೆ ಮೂಲವಾದ ಗ್ರೀಕ್ ಪದವೂ ಅರ್ಧ ತಲೆಯನ್ನೇ ಸೂಚಿಸುತ್ತವೆ. ಹೆಸರು ಹೀಗಿದ್ದರೂ ನೋವು ಎರಡು ಪಾರ್ಶ್ವಗಳಲ್ಲಿಯೂ ಬರಬಹುದು. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ 8 ದಿನಗಳಾದರೂ ಮೈಗ್ರೇನಿನ ಲಕ್ಷಣಗಳಿದ್ದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುವರು. ಇಂಥವರು ನೋವಿಗಿಂತಲೂ ಹೆಚ್ಚಾಗಿ, ನೋವೆಂದು ಯಾರೂ ಒಪ್ಪದ ಕೆಲವು ಲಕ್ಷಣಗಳಿಂದ ಬಳಲುವುದುಂಟು.

ಇವುಗಳಲ್ಲಿ ಅತ್ಯಂತ ವಿಚಿತ್ರವಾದುದು ದೃಷ್ಟಿಯ ವಿಕಾರ. ರೋಗಿಗಳಲ್ಲಿ ಎಲ್ಲರಿಗೂ ಇದು ಬರುವುದಿಲ್ಲ, ಬಂದವರು ಮರೆಯುವುದಿಲ್ಲ. ನಮಗೂ ಇದರ ಪರಿಚಯವುಂಟು. ಕರಿಹಲಗೆಯ ಮೇಲೆ ಬರೆದ ಸಮೀಕರಣದ ಎಡಭಾಗ ನಿಚ್ಚಳವಾಗಿ ಕಾಣುತ್ತಿದ್ದು, ಸಮಚಿಹ್ನೆಯಿಂದಾಚೆಗಿನದು ಮಾಯವಾಗುತ್ತದೆ. ಆ ಬಯಲಿನ ಅಂಚಿನಲ್ಲಿ ಕೋಟೆಗೋಡೆಯಂತೆ ಅಂಕುಡೊಂಕಾದ ಮಿನುಗುಗೆರೆಯೊಂದು ಮೂಡಿ ಮೆಲ್ಲಮೆಲ್ಲನೆ ಹೊರಕ್ಕೆ ಹರಡುತ್ತದೆ. ವೈದ್ಯರು ಇದನ್ನು ‘ಆರಾ’ ಎಂದು ಕರೆಯುವರು.

ಬೆಳಕಿನ ವಿವರ್ತನೆಯನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಏರಿಯ ಹೆಸರನ್ನು ಬಲ್ಲರು. ಆ ಖಗೋಳಜ್ಞನಿಗೂ ಈ ಕಾಟವಿದ್ದಿತು. 1865ರಲ್ಲಿ ಅವನು ತನ್ನ ಅನುಭವವನ್ನು ಪ್ರಕಟಿಸಿದನು. ವೈದ್ಯನಾಗಿದ್ದ ಅವನ ಮಗ ಹ್ಯೂಬರ್ಟ್ 1870ರಲ್ಲಿ ಆ ಮಿನುಗುಗೆರೆ ಬೆಳೆಯುವ ಬಗೆಯನ್ನು ಚಿತ್ರಿಸಿ ತೋರಿಸಿದನು. ಅನಂತರ 1941ರಲ್ಲಿ ಅಮೆರಿಕದ ಲ್ಯಾಶ್ಲಿ ತನ್ನದೇ ಕಣ್ಮುಂದಿನ ಗೆರೆಯ ವೇಗವನ್ನು ಲೆಕ್ಕಹಾಕಿ, ಮಿದುಳಿನ ದೃಷ್ಟಿಕ್ಷೇತ್ರದ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಏನೋ ಒಂದು ಹರಿಯುತ್ತಿರಬೇಕೆಂದು ಊಹಿಸಿದನು. 1944ರಲ್ಲಿ ಬ್ರೆಜಿಲ್ ದೇಶದ ಲಿಯಾವ್, ಮೊಲದ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆಯನ್ನು ಅಡಗಿಸುತ್ತ ಹೆಚ್ಚುಕಡಮೆ ಇದೇ ವೇಗದಲ್ಲಿ ಸಾಗುವ ಅಲೆಯೊಂದನ್ನು ವರದಿಮಾಡಿದನು. ನರದ ಸಂದೇಶ ಸೆಕೆಂಡಿಗೆ ಹತ್ತಾರು ಮೀಟರು ಓಡಬಲ್ಲದು. ಈ ಅಲೆಯಾದರೋ 20 ನಿಮಿಷಗಳಲ್ಲಿ 6 ಸೆಂಟಿಮೀಟರು ತೆವಳುತ್ತದೆ. ಇರುವೆಯೂ ಇದಕ್ಕಿಂತ ಚುರುಕು!

ಅಲೆ ಬೇರೆ ಕ್ಷೇತ್ರಗಳನ್ನು ಮುಟ್ಟಿದರೆ ಬೆರಳುಗಳಿಂದ ಮೊದಲಾಗಿ ತುಟಿಯವರೆಗೆ ಜೋಮು ಏರಬಹುದು, ಮಾತು ತಡವರಿಸಬಹುದು. ಮನೆಯವರು ಲಕ್ವವೆಂದು ಹೆದರುವುದು ಸಹಜ. ಸಾಮಾನ್ಯವಾಗಿ ಮೈಗ್ರೇನಿನ ವಿಕಾರ ನಿಮಿಷಗಳ ಕಾಲ ಹರಡಿ ಒಂದು ಗಂಟೆಯೊಳಗೆ ಇಳಿಯುತ್ತದೆ. ಲಕ್ವ ಥಟ್ಟನೆ ಬಡಿಯುತ್ತದೆ. ಆದರೂ ಮೊದಲ ಸಲ ಹೀಗಾದಾಗ ಈ ಭೇದವನ್ನು ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಿಡಿಲಿನಂತೆ ಒಮ್ಮೆಲೇ ಎರಗಿದ ತಲೆನೋವು, ಜ್ವರದೊಡನೆ ಕುತ್ತಿಗೆ ಸೆಟೆಯುವಿಕೆ, 50 ವರ್ಷ ದಾಟಿದ ಮೇಲೆ ಹೊಸದಾಗಿ ತೊಡಗಿದ ತಲೆನೋವು ಇವುಗಳಿಗೂ ವೈದ್ಯಪರೀಕ್ಷೆ ಆಗಲೇಬೇಕು.

ನೋವು ಬರುವುದಕ್ಕೆ ಕೆಲವು ಗಂಟೆಗಳಿಂದ ಒಂದೆರಡು ದಿನ ಮೊದಲೇ ಆಕಳಿಕೆ, ಸಿಡುಕು, ಕುತ್ತಿಗೆಯ ಬಿಗಿತ, ಪದೇಪದೇ ಮೂತ್ರವಿಸರ್ಜನೆ, ಸಿಹಿಯ ಮೇಲೆ ಅತಿಯಾದ ಆಸೆ ಕಾಣಿಸಿಕೊಳ್ಳುವುದುಂಟು. ಜರ್ಮನಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಬ್ಬ ಮಹಿಳೆಯ ಮಿದುಳನ್ನು ತಿಂಗಳ ಕಾಲ ದಿನವೂ ಚಿತ್ರಿಸಿದಾಗ, ನೋವಿನ ಹಿಂದಿನ ದಿನವೇ ಹೈಪೋಥಲಾಮಸ್ ಎಂಬ ಭಾಗದ ವರ್ತನೆ ಬದಲಾಗಿತ್ತು. ಹಸಿವು, ನಿದ್ರೆ, ನೀರಡಿಕೆಗಳನ್ನು ನಿಯಂತ್ರಿಸುವುದು ಇದೇ ಭಾಗ. ಇಲ್ಲಿ ವಾಚಕರು ಕಾರ್ಯಕಾರಣಗಳ ಕ್ರಮವನ್ನು ಗಮನಿಸಬೇಕು. ಬೆಲ್ಲ ತಿಂದುದರಿಂದ ತಲೆ ನೊಂದಿತು ಎನ್ನುವೆವು. ಎಷ್ಟೋ ವೇಳೆ ಮೈಗ್ರೇನ್ ಆಗಲೇ ತೊಡಗಿದುದರಿಂದ ಬೆಲ್ಲದ ಮೇಲೆ ಆಸೆ ಹುಟ್ಟಿರುತ್ತದೆ. ಬಿಸಿಲು ಕಣ್ಣು ಚುಚ್ಚಿದುದೂ ಹೀಗೆಯೇ ಇರಬಹುದು. ಹಾಗೆಂದು ಬಿಸಿಲು, ನಿದ್ರೆಗೇಡು, ಉಪವಾಸಗಳು ನಿರಪರಾಧಿಗಳೆಂದಲ್ಲ. ರಾತ್ರಿಪಾಳಿಯ ನೇಕಾರನಿಗೆ ಹೊತ್ತುಹೊತ್ತಿನ ಊಟ ನಿದ್ರೆಗಳೂ ಒಂದು ಔಷಧವೇ ಸರಿ.

ನೋವಿನ ವೇಳೆಯಲ್ಲಿ ತಲೆ ಬಾಚಿದರೂ ಉರಿ. ರುಮಾಲು, ಕನ್ನಡಕ, ಕಿವಿಯೋಲೆಗಳೂ ಭಾರ. ನರಮಂಡಲ ಕೆರಳಿ, ಸಾಮಾನ್ಯ ಸ್ಪರ್ಶವನ್ನೇ ನೋವೆಂದು ಓದುವ ಸ್ಥಿತಿ ಇದು. ಒಗ್ಗರಣೆಯ ವಾಸನೆಗೆ ವಾಂತಿ ಬರುತ್ತದೆ. ನೆಲ ತೂಗಿದಂತಾಗುತ್ತದೆ. ಮೂಗು ಸೋರಿದರೆ ಸೈನಸ್ ಎಂಬ ತಪ್ಪು ಹೆಸರು ಬೀಳುತ್ತದೆ. ನೋವು ಇಳಿದ ಮರುದಿನವೂ ಬುದ್ಧಿ ಮಂಕಾಗಿ, ಮೈ ಹಿಂಡಿದಂತಿರುತ್ತದೆ. ‘ಈಗ ನೋವಿಲ್ಲವಲ್ಲ, ಏಳಬಾರದೇ?’ ಎಂಬ ಮನೆಯವರ ಮಾತು ಬೀಳುವುದು ಈ ದಿನವೇ.

ಗುಳಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಧಾರಣ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗಟಮೀನ್ ಅಥವಾ ಮಿಶ್ರ ಗುಳಿಗೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತ ಬಂದರೆ ಔಷಧವೇ ತಲೆನೋವನ್ನು ನಿತ್ಯವಾಗಿಸಬಲ್ಲದು. ಪದೇಪದೇ ನರಳುವವರಿಗೆ ಬೇಕಾದುದು ನೋವನ್ನು ಮೊದಲೇ ತಡೆಯುವ ಔಷಧ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಮುಂತಾದವು ಹಳೆಯವು, ದುಬಾರಿಯಲ್ಲ. ಸಿ.ಜಿ.ಆರ್.ಪಿ. ಎಂಬ ನರದ್ರವ್ಯವನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದೀಚೆಗೆ ಬಂದಿವೆ. ಬೆಲೆ ಮಾತ್ರ ಹೆಚ್ಚು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ಆಸ್ತಮಾ ಇರುವವರೂ, ಗರ್ಭಿಣಿಯಾಗಬಹುದಾದ ಸ್ತ್ರೀಯರೂ ಆ ಸಂಗತಿಯನ್ನು ಮುಚ್ಚಿಡದೆ ತಿಳಿಸಬೇಕು.

ವೈದ್ಯರ ಬಳಿಗೆ ಹೋಗುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬರುವುದು ಒಳ್ಳೆಯದು. ನೋವಿದ್ದ ದಿನಕ್ಕೆ ಒಂದು ಗೆರೆ, ಗುಳಿಗೆ ನುಂಗಿದ ದಿನಕ್ಕೆ ಒಂದು ಚುಕ್ಕೆ. ಆಕಳಿಕೆಯೋ ಸಿಹಿಯ ಆಸೆಯೋ ಕುತ್ತಿಗೆಯ ಬಿಗಿತವೋ ಕಂಡಿದ್ದರೆ ಅದರ ಮೊದಲಕ್ಷರ. ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೆರೆ ಮೊದಲೋ ಅಕ್ಷರ ಮೊದಲೋ ಎಂಬುದು ಗೊತ್ತಾಗುವುದು. ಚುಕ್ಕೆಗಳ ಲೆಕ್ಕ ವೈದ್ಯರಿಗೆ ಬೇಕಾಗುವುದು.