ಕಡಲೆ ಹೊಲದಲ್ಲಿ ಇಳಿಯುವ ಸಕ್ಕರೆ

ಮಧುಮೇಹಕ್ಕೆ ಮದ್ದು ತೆಗೆದುಕೊಳ್ಳುವವರ ರಕ್ತದಲ್ಲಿ ಸಕ್ಕರೆಯ ಮಟ್ಟ 100 ಮಿ.ಲೀ.ಗೆ 70 ಮಿ.ಗ್ರಾಂಗಿಂತ ಕೆಳಗಿಳಿದರೆ ಅದು ಸಕ್ಕರೆ ಕುಸಿತ. ವೈದ್ಯರು ಹೈಪೊಗ್ಲೈಸೀಮಿಯಾ ಎನ್ನುತ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ‘ಶುಗರ್ ಡೌನ್ ಆಗೇತಿ’ ಎನ್ನುತ್ತಾರೆ. 54ಕ್ಕಿಂತ ಕೆಳಗೆ ಹೋದರೆ ಮಿದುಳು ತಡವರಿಸುತ್ತದೆ. ಮಿದುಳಿಗೆ ಸಕ್ಕರೆಯೇ ಮುಖ್ಯ ಆಹಾರ, ಕೂಡಿಟ್ಟುಕೊಳ್ಳಲು ಅದಕ್ಕೊಂದು ಹಗೇವಿಲ್ಲ.

ಇಲ್ಲಿ ಸಕ್ಕರೆಯನ್ನು ಕೆಡವುವುದು ರೋಗಕ್ಕಿಂತ ಮದ್ದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ನುಂಗುವವರಿಗೂ ಈ ಭಯ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಅಪರೂಪ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ರೊಟ್ಟಿ ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿಯೇ ತೀರುತ್ತದೆ. ಎರೆ ಸೀಮೆಯ ಕೆಲಸದ ಹೊತ್ತಿಗೂ ಈ ಮಾತ್ರೆಗೂ ಹೊಂದಿಕೆಯಾಗದಿರುವುದು ಹೀಗೆ. ಇಬ್ಬನಿ ಆರುವ ಮೊದಲೇ ಕಡಲೆ ಕೀಳಬೇಕು, ಬಿಸಿಲೇರಿದರೆ ಕಾಯಿ ಉದುರುತ್ತದೆ, ಗಿಡ ಕೈಗೆ ಚುಚ್ಚುತ್ತದೆ. ಹಾಗಾಗಿ ನಸುಕಿನಲ್ಲೇ ಮಾತ್ರೆ ನುಂಗಿ, ಬರೀ ಚಹಾ ಕುಡಿದು ಹೊಲಕ್ಕೆ ಹೋಗುವುದು ರೂಢಿ. ಬುತ್ತಿ ಬಿಚ್ಚುವ ಹೊತ್ತಿಗೆ ಹತ್ತು, ಹನ್ನೊಂದು. ಅಷ್ಟರಲ್ಲಿ ಮೈ ಬಗ್ಗಿಸಿ ದುಡಿದ ಸ್ನಾಯುಗಳೂ ಸಕ್ಕರೆಯನ್ನು ಹೀರಿರುತ್ತವೆ.

ಈ ಬರಹಗಾರನ ಮನೆಯ ಹಿರಿಯರೊಬ್ಬರಿಗೆ ಆದದ್ದು ಇದೇ. ಮುಂಜಾನೆಯ ಚಳಿ ಇನ್ನೂ ಇಳಿದಿರಲಿಲ್ಲ, ಅವರ ಅಂಗಿ ಮಾತ್ರ ಬೆವರಿಗೆ ತೊಯ್ದಿತ್ತು. ಎಂದೂ ದನಿ ಏರಿಸದವರು ಆಳುಗಳ ಮೇಲೆ ಹರಿಹಾಯ್ದರು, ಹಿಡಿದ ಗಿಡವನ್ನು ಎಲ್ಲಿಡಬೇಕೆಂಬುದೇ ತಿಳಿಯದೆ ನಿಂತರು. ‘ಪಿತ್ತ ಏರೇತ್ರಿ ಕಾಕಾ, ಒಂಚೂರ ನೆಳ್ಳಾಗ ಕೂಡ್ರಿ’ ಎಂದು ಆಳುಗಳು ಬೇವಿನ ಮರದ ಕೆಳಗೆ ಕೂರಿಸಿ ತಣ್ಣೀರು ಕುಡಿಸಿದರು. ಅರ್ಧ ತಾಸು ಹಾಗೇ ಹೋಯಿತು. ಬೆಲ್ಲದ ನೆನಪು ಬಂದದ್ದು ಮುಪ್ಪಿನ ಹೆಣ್ಣುಮಗಳೊಬ್ಬಳಿಗೆ. ಕುಸಿತಕ್ಕಿಂತ ಅದನ್ನು ಪಿತ್ತವೆಂದು ತಿಳಿದದ್ದೇ ಆ ದಿನದ ದೊಡ್ಡ ಅಪಾಯ.

ಲಕ್ಷಣಗಳು ಎರಡು ಹಂತದಲ್ಲಿ ಬರುತ್ತವೆ. ಮೊದಲು ದೇಹ ಅಡ್ರಿನಲಿನ್ ಸುರಿಸಿ ಕೂಗುತ್ತದೆ: ಕೈನಡುಕ, ತಣ್ಣನೆ ಬೆವರು, ಎದೆ ಢವಢವ, ತಡೆಯಲಾರದ ಹಸಿವು, ತುಟಿಯ ಸುತ್ತ ಜುಮುಜುಮು. ಆ ಕೂಗು ಕೇಳದಿದ್ದರೆ ಮಿದುಳಿನ ಸರದಿ: ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ಒಂದು ಎರಡಾಗಿ ಕಾಣುತ್ತದೆ, ನಡಿಗೆ ತಪ್ಪುತ್ತದೆ. ಕುಡಿದವರೆಂದು ಜನ ನಗುವುದೂ ಉಂಟು. ಕೊನೆಗೆ ಫಿಟ್ಸ್, ಪ್ರಜ್ಞಾಹೀನತೆ. ಹತ್ತಾರು ವರ್ಷದ ಹಳೆಯ ರೋಗಿಗಳಲ್ಲಿ ಮೊದಲ ಹಂತ ಕಾಣದೆಯೂ ಹೋಗಬಹುದು. ಬಿ.ಪಿ.ಗೆ ಅಟೆನೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಡುಕ, ಎದೆಬಡಿತ ಮರೆಯಾಗಿ ಬೆವರೊಂದೇ ಉಳಿಯಬಹುದು. ರಾತ್ರಿ ಸಕ್ಕರೆ ಇಳಿದರೆ ಕೆಟ್ಟ ಕನಸು, ತೊಯ್ದ ಹಾಸಿಗೆ, ಬೆಳಿಗ್ಗೆ ತಲೆನೋವು.

ಗ್ಲೂಕೋಮೀಟರ್ ಇದ್ದರೆ ನೋಡಬೇಕು. ಇಲ್ಲದಿದ್ದರೆ ಸಂಶಯ ಬಂದ ಕೂಡಲೇ ಸಿಹಿ ಕೊಡಬೇಕು. ಒಮ್ಮೆ ತುಸು ಏರಿದ ಸಕ್ಕರೆ ಮಾಡುವ ಕೇಡು ಇಳಿದ ಸಕ್ಕರೆಯ ಕೇಡಿನ ಮುಂದೆ ಏನೂ ಅಲ್ಲ. ಬೇಕಾದ್ದು 15 ಗ್ರಾಂ: ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಅಥವಾ ಅಡಿಕೆ ಗಾತ್ರದ ಎರಡು ಚೂರು ಬೆಲ್ಲ. 15 ನಿಮಿಷ ಕಾದು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಪೇಡೆ, ಬಿಸ್ಕತ್ತು ಈ ಹೊತ್ತಿಗೆ ಒದಗುವುದಿಲ್ಲ. ಕೊಬ್ಬು ಇರುವ ತಿನಿಸಿನಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಚೇತರಿಸಿಕೊಂಡ ಮೇಲೆ ಮಾತ್ರ ರೊಟ್ಟಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ವೊಗ್ಲಿಬೋಸ್‌ನದು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ಇದನ್ನೂ ಸೇರಿಸಿದ ಒಂದೇ ಮಾತ್ರೆಯನ್ನು ಬಹಳ ಜನ ನುಂಗುತ್ತಾರೆ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ಇದು ತಡೆಯುವುದರಿಂದ ಅವರಿಗೆ ಬೆಲ್ಲ, ಸಕ್ಕರೆ ಬೇಗ ನಾಟುವುದಿಲ್ಲ. ಔಷಧದಂಗಡಿಯ ಗ್ಲೂಕೋಸ್ ಪುಡಿಯೇ ಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಬೆಲ್ಲ ಯಾವುದನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದರಿಂದ ಹೊತ್ತು ಕಳೆಯುವುದಷ್ಟೇ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಎಚ್ಚರ ಬರುತ್ತದೆ. ಎಚ್ಚರವಾಯಿತೆಂದು ಕೂಡಲೇ ಮನೆಗೆ ಹೊರಡುವುದು ಇನ್ನೊಂದು ತಪ್ಪು. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಬಲ ಒಂದು ಹಗಲು-ರಾತ್ರಿ, ಕಿಡ್ನಿ ದುರ್ಬಲವಾಗಿದ್ದರೆ ಅದಕ್ಕೂ ಹೆಚ್ಚು ಹೊತ್ತು ಇರಬಹುದು. ಮೇಲೆ ಹೇಳಿದ ಹಿರಿಯರು ಬೆಲ್ಲ ತಿಂದು ಸುಧಾರಿಸಿಕೊಂಡರೂ ಸಂಜೆ ಮತ್ತೆ ಕುಸಿದರು.

ಶ್ರಾವಣ ಸೋಮವಾರದ ಉಪವಾಸ, ರಂಜಾನ್ ರೋಜಾ, ಖಾಲಿ ಹೊಟ್ಟೆಯ ಮದ್ಯ ಎಲ್ಲದರಲ್ಲೂ ಲೆಕ್ಕ ಒಂದೇ: ಅನ್ನ ತಪ್ಪಿದೆ, ಮಾತ್ರೆ ತಪ್ಪಿಲ್ಲ. ಮದ್ದನ್ನು ತಾವೇ ಬಿಟ್ಟುಬಿಡುವುದೂ ಪರಿಹಾರವಲ್ಲ. ಕಡಲೆ ಕೀಳುವ ದಿನಗಳು ಬರುವ ಮುಂಚೆಯೇ ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಎಷ್ಟು ಗಂಟೆಗೆ ಹೊಲಕ್ಕೆ ಹೊರಡುತ್ತೀರಿ, ಎಷ್ಟಕ್ಕೆ ಉಣ್ಣುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.